ಜಿಟಿಎ 4ರ ಜಾಝ್ ರೇಡಿಯೋದಲ್ಲಿ ಸ್ಯಾಕ್ಸೋಫೋನ್ ಮಾಯ! (ಪರಿಹಾರ ಸಿಕ್ಕಿದೆ)

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ಪಿಸಿಯಲ್ಲಿ ಜಿಟಿಎ 4 ಗೇಮ್ ಮತ್ತೆ ಶುರು ಮಾಡಿದ್ದೇನೆ. ಮಿಷನ್ ಗಿಷನ್ ಏನೂ ಇಲ್ಲ, ರಾತ್ರಿ ಹೊತ್ತು ಆಟದೊಳಗಿನ ಲಿಬರ್ಟಿ ಸಿಟಿಯಲ್ಲಿ ಸುಮ್ನೆ ಕಾರು ಓಡಿಸುತ್ತಾ ಜಾಝ್ ನೇಷನ್ ರೇಡಿಯೋ 108.5 ಕೇಳುವುದು, ಅಷ್ಟೇ. ಸಮಸ್ಯೆ ಏನೆಂದರೆ, ಕೆಲವು ಹಾಡುಗಳಲ್ಲಿ ಸ್ಯಾಕ್ಸೋಫೋನೇ ಇಲ್ಲ! ಎಲ್ಲೋ ಪಕ್ಕದ ಬೀದಿಯಲ್ಲಿ ಊದಿದ ಹಾಗೆ ಸಣ್ಣಗೆ ಕೇಳುತ್ತದೆ, ಡ್ರಮ್ಸ್ ಮಾತ್ರ ಜೋರು. ಆಟದ ಫೋನಿನಲ್ಲಿ ಹಾಡಿನ ಹೆಸರು ಹೇಳುವ ಝಿಟ್ ಸೇವೆಗೆ ಕರೆ ಮಾಡಿ ಹೆಸರು ತಿಳಿದುಕೊಂಡೆ, ಕೋಲ್ಟ್ರೇನ್ ಅವರ 'ಜೈಂಟ್ ಸ್ಟೆಪ್ಸ್'. ಅದರ ಬೆನ್ನಿಗೇ ಬಂದ ಸಾನಿ ರಾಲಿನ್ಸ್ ಅವರ 'ಸೇಂಟ್ ಥಾಮಸ್' ಮಾತ್ರ ಚೆನ್ನಾಗಿದೆ. 2018ರಲ್ಲಿ ಲೈಸೆನ್ಸ್ ಮುಗಿದು ಹಾಡುಗಳನ್ನು ತೆಗೆದರಲ್ಲ, ಅದರ ಪರಿಣಾಮವಾ?

ಫೈಲ್‌ಪುಟ್ಟ:
ಗೇಮ್ ತೆಗೆದು ಮತ್ತೆ ಹಾಕಿ ಗುರು. ಆಡಿಯೋ ಫೈಲ್ ಕೆಟ್ಟಿರಬೇಕು.

ತಬಲಾಮೇಷ್ಟ್ರು:
ತಡೆಯಿರಿ, ಅಷ್ಟು ಜಿಬಿ ಮತ್ತೆ ಇಳಿಸಿಕೊಳ್ಳಬೇಡಿ. ಲೈಸೆನ್ಸ್ ಮುಗಿದರೆ ಇಡೀ ಹಾಡು ಹೋಗುತ್ತದೆ, ಸ್ಯಾಕ್ಸ್ ಒಂದನ್ನೇ ಯಾರೂ ಕಿತ್ತುಕೊಂಡು ಹೋಗುವುದಿಲ್ಲ. ಫೈಲ್ ಕೆಟ್ಟರೆ ಹಾಡು ತುಂಡಾಗುತ್ತದೆ, ಇಲ್ಲವೇ ಕರಕರ ಅನ್ನುತ್ತದೆ. ಎರಡು ಪ್ರಶ್ನೆ. ನಿರೂಪಕ ರಾಯ್ ಹೇನ್ಸ್ ಅವರ ಮಾತು ಸರಿಯಾಗಿ ಕೇಳುತ್ತದಾ? ಬೇರೆ ಸ್ಟೇಷನ್‌ಗಳು ಹೇಗಿವೆ?

ರಾತ್ರಿಪಾಳಿ:
ಮಾತು ಸ್ಪಷ್ಟವಾಗಿದೆ ಸರ್. ಬೇರೆ ಸ್ಟೇಷನ್‌ಗಳಲ್ಲೂ ತೊಂದರೆ ಇಲ್ಲ.

ತಬಲಾಮೇಷ್ಟ್ರು:
ಹಾಗಾದರೆ ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡಿ. ಇಯರ್‌ಫೋನ್ ಎರಡೂ ಕಿವಿಯಲ್ಲಿದೆಯಾ?

ರಾತ್ರಿಪಾಳಿ:
ಇಲ್ಲ ಸರ್ 😅 ಬಲಗಡೆಯದು ಮಾತ್ರ. ಎಡಗಡೆಯದು ಸತ್ತು ತಿಂಗಳುಗಳಾದವು. ಒಂದು ಕಿವಿ ಖಾಲಿ ಇದ್ದರೆ ಅಮ್ಮ ಕರೆದಾಗ ಕೇಳುತ್ತೆ ಅಂತ ಹಾಗೇ ಬಿಟ್ಟಿದ್ದೇನೆ.

ತಬಲಾಮೇಷ್ಟ್ರು:
ಸಿಕ್ಕಿತು ನೋಡಿ! 'ಸೇಂಟ್ ಥಾಮಸ್' 1956ರ ಮೊನೊ ರೆಕಾರ್ಡಿಂಗ್. ಎರಡೂ ಕಿವಿಗೆ ಒಂದೇ ಶಬ್ದ, ಆದ್ದರಿಂದ ನಿಮಗೆ ಏನೂ ತಪ್ಪಲಿಲ್ಲ. 'ಜೈಂಟ್ ಸ್ಟೆಪ್ಸ್' 1959ರದು, ಸ್ಟೀರಿಯೋ, ಅಂದರೆ ಎರಡು ಕಿವಿಗೆ ಬೇರೆ ಬೇರೆ ಶಬ್ದ. ಆಗ ಸ್ಟೀರಿಯೋ ಇನ್ನೂ ಹೊಸತು. ಸ್ಯಾಕ್ಸ್ ಅನ್ನು ಒಂದು ಮೂಲೆಗೆ, ಡ್ರಮ್ಸ್ ಅನ್ನು ಇನ್ನೊಂದು ಮೂಲೆಗೆ ತಳ್ಳಿಬಿಡುತ್ತಿದ್ದರು. ಕೋಲ್ಟ್ರೇನ್ ನಿಮ್ಮ ಸತ್ತ ಎಡಗಡೆಯಲ್ಲಿ ಊದುತ್ತಿದ್ದಾರೆ, ಬಲಕ್ಕೆ ಸೋರಿದ್ದಷ್ಟೇ ನಿಮಗೆ ಸಿಗುತ್ತಿದೆ. ಈಗಿನ ಹಾಡುಗಳಲ್ಲಿ ದನಿ, ಬೇಸ್ ಎಲ್ಲ ನಡುವೆ ಇರುತ್ತವೆ. ಹಾಗಾಗಿ ಬೇರೆ ಸ್ಟೇಷನ್‌ಗಳಲ್ಲಿ ಗೊತ್ತೇ ಆಗಲಿಲ್ಲ.

ತಮಾಷೆ ಅಂದರೆ ಆ ಎರಡೂ ಹಾಡುಗಳಲ್ಲಿ ಪಿಯಾನೋ ಟಾಮಿ ಫ್ಲಾನಗನ್ ಅವರದೇ. ಇನ್ನು ರಾಯ್ ಹೇನ್ಸ್ ಬರೀ ದನಿ ಕೊಟ್ಟ ನಟ ಅಂದುಕೊಳ್ಳಬೇಡಿ. ಚಾರ್ಲಿ ಪಾರ್ಕರ್ ಜೊತೆ ನುಡಿಸಿದ ಡ್ರಮ್ಮರ್ ಅವರು, 2024ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಆಟಕ್ಕೆ ಇಂಥವರನ್ನು ಕರೆತಂದಿದ್ದೇ ದೊಡ್ಡ ವಿಷಯ.

ಸದ್ಯಕ್ಕೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಆಡಿಯೋ, ಅಲ್ಲಿ ಮೊನೊ ಆಡಿಯೋ ಆನ್ ಮಾಡಿ. ಎರಡೂ ಬದಿ ಬೆರೆತು ಒಂದೇ ಕಿವಿಗೆ ಬರುತ್ತದೆ.

ಫೈಲ್‌ಪುಟ್ಟ:
ನಾನು ಸುಮ್ನೆ ಡೌನ್‌ಲೋಡ್ ಮಾಡಿಸುತ್ತಿದ್ದೆ. ಕ್ಷಮಿಸಿ ಗುರು.

ರಾತ್ರಿಪಾಳಿ:
ಮೇಷ್ಟ್ರೇ, ಬಂತು! ಕೋಲ್ಟ್ರೇನ್ ಈಗ ಪಕ್ಕದ ಸೀಟಿನಲ್ಲೇ ಕೂತು ಊದುತ್ತಿದ್ದಾರೇನೋ ಅನ್ನಿಸುತ್ತದೆ. ಮೊನೊದಲ್ಲಿ ಒಂದೇ ತೊಂದರೆ, ಪೊಲೀಸ್ ಸೈರನ್ ಯಾವ ಕಡೆಯಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ. ನಿನ್ನೆ ರಾತ್ರಿ ಎರಡು ಸಲ ಸಿಕ್ಕಿಬಿದ್ದೆ. ಸಂಬಳ ಬಂದ ಮೇಲೆ ಹೊಸ ಇಯರ್‌ಫೋನ್ ತೆಗೆದುಕೊಳ್ಳುತ್ತೇನೆ. ಅಮ್ಮನಿಗೆ ಫೋನ್ ಮಾಡಿ ಕರೆಯಲು ಹೇಳಬೇಕು.