ಸಹಾಯ ಬೇಕು: ದೃಷ್ಟಿಯ ನರಜಾಲ ಮಾದರಿಗೆ ಹಿಮ್ಮುಖ ಸಂಪರ್ಕ ಸೇರಿಸುವ ಬಗ್ಗೆ

ಕೃತಕ ಪ್ರಜ್ಞೆಯ ಕುರಿತ ಸ್ನಾತಕೋತ್ತರ ಪ್ರಬಂಧಕ್ಕಾಗಿ ದೃಷ್ಟಿಯ ನರಜಾಲ ಮಾದರಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮೆದುಳಿನ ದೃಷ್ಟಿ ಭಾಗದಲ್ಲಿ ಗುರುತಿಸಿದ ಸರಳ ಹಾಗೂ ಸಂಕೀರ್ಣ ಕೋಶಗಳಿಂದ ಪ್ರೇರಿತವಾದ, ಫುಕುಶಿಮಾ ಅವರ 1980ರ ನಿಯೋಕಾಗ್ನಿಟ್ರಾನ್‌ನಲ್ಲಾಗಲಿ 2012ರ ಅಲೆಕ್ಸ್‌ನೆಟ್‌ನಲ್ಲಾಗಲಿ (ಎರಡೂ ಚಿತ್ರ ಗುರುತಿಸುವ ಕೃತಕ ನರಜಾಲಗಳು), ಚಿತ್ರವನ್ನು ಗುರುತಿಸುವಾಗ ಮಾಹಿತಿ ಮುಂದಕ್ಕೆ ಮಾತ್ರ ಹರಿಯುತ್ತದೆ. ಆದರೆ ನರವಿಜ್ಞಾನಿ ವಿಕ್ಟರ್ ಲಾಮ್ಮೆ ಅವರ ಸಿದ್ಧಾಂತದ ಪ್ರಕಾರ, ಮೇಲಿನ ಹಂತಗಳಿಂದ ಸಂಕೇತಗಳು ಕೆಳಗಿನ ಹಂತಗಳಿಗೆ ಮರಳಿ ಬಂದಾಗಲೇ ನೋಟವು ಪ್ರಜ್ಞೆಗೆ ಬರುತ್ತದೆ. (ಯಂತ್ರಕ್ಕೆ ಪ್ರಜ್ಞೆ ಬರಲು ಅಷ್ಟೇ ಸಾಕೆಂದು ನನಗೆ ಅನ್ನಿಸುವುದಿಲ್ಲ, ಆದರೂ ಪರೀಕ್ಷಿಸಲು ಯೋಗ್ಯವಾದ ವಿಚಾರ.)

ಈ ವಿಚಾರವನ್ನು ಪರೀಕ್ಷಿಸಲೆಂದು, ಒಂದು ಚಿತ್ರವನ್ನು ಕ್ಷಣಕಾಲ ತೋರಿಸಿ, ಕೂಡಲೇ ಇನ್ನೊಂದರಿಂದ ಮರೆಮಾಡುವ ಪ್ರಯೋಗವನ್ನು ಹಿಮ್ಮುಖ ಸಂಪರ್ಕಗಳುಳ್ಳ ಜಾಲದಲ್ಲಿ ಪೈಟಾರ್ಚ್ (ನರಜಾಲ ಕಟ್ಟುವ ತಂತ್ರಾಂಶ) ಬಳಸಿ ಅನುಕರಿಸಿದವರು ಇಲ್ಲಿದ್ದರೆ, ಕಾಲಹಂತಗಳನ್ನು ಹೇಗೆ ನಿಗದಿಪಡಿಸಿದಿರಿ, ತರಬೇತಿಯಲ್ಲಿ ಗ್ರೇಡಿಯಂಟ್ (ಜಾಲದ ತೂಕಗಳನ್ನು ಎಷ್ಟು ತಿದ್ದಬೇಕೆಂದು ಸೂಚಿಸುವ ಮೌಲ್ಯ) ಕ್ಷೀಣಿಸದಂತೆ ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ನನ್ನಲ್ಲಿ ಒಂದೇ ಜಿಪಿಯು ಇರುವುದರಿಂದ ಸಣ್ಣ ಮಾದರಿಗಳ ಅನುಭವವೇ ಹೆಚ್ಚು ಉಪಯುಕ್ತ.