ಹೊಸ ಪ್ರೆಸ್ಸಿಂಗ್‌ನಲ್ಲಿ ಕೊನೇ ಹಾಡು ಕಿವಿ ಸೀಳುತ್ತಿದೆ, ವಾಪಸ್ ಕಳಿಸಲಾ?

ಸೂಜಿಮೊನೆ:
ದುಡ್ಡು ಕೊಟ್ಟು ತಲೆನೋವು ತಂದುಕೊಂಡೆ. ಇಷ್ಟದ ಎಲ್‌ಪಿ (ಗ್ರಾಮಫೋನ್ ತಟ್ಟೆ) ಮತ್ತೆ ಪ್ರೆಸ್ ಆಗಿ, ಅಂದರೆ ಹೊಸದಾಗಿ ಅಚ್ಚಾಗಿ ಬಂದಿದೆ, ತಟ್ಟೆಯ ತೂಕ 180 ಗ್ರಾಂ. ಮೊದಲ ಹಾಡು ಸೊಗಸು. ಕೊನೇ ಹಾಡಿಗೆ ಬಂದರೆ 'ಸ', 'ಶ' ಬಂದಲ್ಲೆಲ್ಲ ಕರಕರ. ಹಳೇ ಪ್ರತಿಯಲ್ಲಿ ಈ ಕಾಟ ಇರಲೇ ಇಲ್ಲ.

ತಟ್ಟೆಪ್ರೇಮಿ:
ಮೂಲ ಟೇಪ್ ಬಿಟ್ಟು ಡಿಜಿಟಲ್ ಫೈಲ್‌ನಿಂದ ತಟ್ಟೆ ಕಟ್ ಮಾಡಿದ್ದಾರೆ, ನೂರಕ್ಕೆ ನೂರು. ಕಳಿಸಿಬಿಡಿ.

ಆರ್‌ಪಿಎಂ33:
ಡಿಜಿಟಲ್ ಆದರೆ ಮೊದಲ ಹಾಡೂ ಕೆಡಬೇಕಲ್ವಾ? 1970ರ ದಶಕದಲ್ಲೇ ಡಿಜಿಟಲ್ ರೆಕಾರ್ಡಿಂಗ್‌ನಿಂದ ಎಲ್‌ಪಿ ಬಂದಿವೆ. ಹೊರ ಅಂಚಿನಲ್ಲಿ ಗ್ರೂವ್ (ಹಾಡು ಕೆತ್ತಿರುವ ಗೀರು) ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡುತ್ತದೆ, ಲೇಬಲ್ ಹತ್ತಿರ, ಅಂದರೆ ಕೊನೇ ಹಾಡಿನಲ್ಲಿ, ಬರೀ 21. ಅದೇ 'ಸ' ಅಲ್ಲಿ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಮುದುಡಿಕೊಂಡಿರುತ್ತದೆ. ಸೂಜಿ ತುದಿ ಕೋನಿಕಲ್ಲೋ (ದುಂಡೋ), ಎಲಿಪ್ಟಿಕಲ್ಲೋ (ಅಂಡಾಕಾರವೋ)? ಸೂಜಿ ತಟ್ಟೆ ಮೇಲೆ ಒತ್ತುವ ತೂಕ ಎಷ್ಟಿಟ್ಟಿದ್ದೀರಿ?

ಹಳೇವಾಲ್ವ್:
180 ಗ್ರಾಂ ಅಂದರೆ ಸುಮ್ನೆನಾ? ದಪ್ಪ ತಟ್ಟೆಯಲ್ಲಿ ಗ್ರೂವ್ ಆಳ ಇರುತ್ತದೆ.

ಆರ್‌ಪಿಎಂ33:
ಗ್ರೂವ್ ಆಳಕ್ಕೂ ತಟ್ಟೆ ತೂಕಕ್ಕೂ ಸಂಬಂಧ ಇಲ್ಲ ಸಾರ್.

ಹಳೇವಾಲ್ವ್:
ನಾನೇ ಕೂತು ಬೆಸುಗೆ ಹಾಕಿದ ವಾಲ್ವ್ ಫೋನೋ ಸ್ಟೇಜ್‌ನಲ್ಲಿ (ಸೂಜಿಯ ಸಣ್ಣ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) ಒಮ್ಮೆ ಕೇಳಿ, ಆಮೇಲೆ ಮಾತಾಡೋಣ. ಬಿಸಿಯಾಗಲು ಅರ್ಧ ಗಂಟೆ ಬೇಕು, ಆದರೆ ಆ ದನಿ!

ಸೂಜಿಮೊನೆ:
ಸೂಜಿ ಹೊಸದೇ, ಹೋದ ವಾರ ಕಾರ್ಟ್ರಿಡ್ಜ್ (ಸೂಜಿ ಕೂರುವ ಪುಟ್ಟ ಭಾಗ) ಬದಲಾಯಿಸಿದೆ. ಅದರಲ್ಲೇನೂ ತೊಂದರೆ ಇರಲಾರದು.

ಆರ್‌ಪಿಎಂ33:
ಹೋದ ವಾರ?! ಹಳೇ ಪ್ರತಿ ಕೇಳಿದ್ದು ಅದಕ್ಕೂ ಮೊದಲಾ? ಇದನ್ನು ಮೊದಲೇ ಹೇಳೋದಲ್ವಾ. ಈಗ ಎರಡನ್ನೂ ಹಾಕಿ ಕೇಳಿ. ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವ ಪ್ರತಿಯೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ.

ಸೂಜಿಮೊನೆ:
ಹಳೇದೂ ಕರಕರ ಅನ್ನುತ್ತಿದೆ. ನಾಚಿಕೆ ಆಗುತ್ತಿದೆ. ತೂಕ ಕಣ್ಣಂದಾಜಲ್ಲಿ ಇಟ್ಟಿದ್ದೆ, ಪುಟ್ಟ ತಕ್ಕಡಿಯಲ್ಲಿ ನೋಡಿದರೆ 1.2 ಗ್ರಾಂ. ಡಬ್ಬಿಯಲ್ಲಿ ಬಂದ ಚೀಟಿಯಲ್ಲಿ 2 ಅಂತಿದೆ.

ಆರ್‌ಪಿಎಂ33:
ತೂಕ ಕಮ್ಮಿ ಇದ್ದರೆ ಗ್ರೂವ್‌ಗೆ ಒಳ್ಳೇದು ಅನ್ನೋದು ತಪ್ಪು. ಹಗುರಾದ ಸೂಜಿ ಗೋಡೆಗೆ ಬಡಿದುಕೊಂಡು ಹೋಗುತ್ತದೆ, ಸವೆತವೇ ಜಾಸ್ತಿ. 2ಕ್ಕೆ ಇಡಿ.

ಸೂಜಿಮೊನೆ:
ಇಟ್ಟೆ. ಮುಕ್ಕಾಲು ಪಾಲು ಹೋಯಿತು, ಎರಡು ತಟ್ಟೆಯಲ್ಲೂ. ಕೊನೇ ಒಂದು ನಿಮಿಷ ಇನ್ನೂ ಸ್ವಲ್ಪ ಇದೆ.

ಆರ್‌ಪಿಎಂ33:
ಪ್ರೊಟ್ರಾಕ್ಟರ್ ಇಟ್ಟು ಕಾರ್ಟ್ರಿಡ್ಜ್ ನೇರ ಕೂತಿದೆಯಾ ನೋಡಿ.

ಸೂಜಿಮೊನೆ:
ಪ್ರೊಟ್ರಾಕ್ಟರ್ ಅಂದರೆ ಯಾವುದು, ಕೋನ ಅಳೆಯೋದಾ?

ಹಳೇವಾಲ್ವ್:
ವಾಲ್ವ್ ಉರಿಯುವಾಗ ಕತ್ತಲಲ್ಲಿ ತೆಗೆದ ಫೋಟೋ ಹಾಕಿದ್ದೇನೆ, ನೋಡಿ.

ತಟ್ಟೆಪ್ರೇಮಿ:
ಅದೇನೇ ಇರಲಿ, ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿರುವ ನಂಬರ್ ಓದಿ ಹೇಳಿ, ಯಾವ ಕಟ್ ಅಂತ ಗೊತ್ತಾಗುತ್ತದೆ. ನನ್ನ ಅನುಮಾನ ಇನ್ನೂ ಹೋಗಿಲ್ಲ.