ಸಹಾಯ ಬೇಕು: ಸಣ್ಣ ಶಾಲೆ ರಿಸಲ್ಟ್ ಲೆಕ್ಕ ಹೇಗೆ ತೋರಿಸೋದು?

ಎಲ್ರಿಗೂ ನಮಸ್ಕಾರ, ನಾನು ಬೆಂಗಳೂರಲ್ಲಿ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಟೀಚರ್, 1ರಿಂದ 5ರ ತನಕ ಒಟ್ಟು 41 ಮಕ್ಳು, ನಾವಿಬ್ರೇ ಟೀಚರ್ಸ್. ಅರ್ಧಕ್ಕರ್ಧ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲ್ಸಕ್ಕೆ ಬಂದೋರ ಮಕ್ಳು, ಉಳಿದೋರ ಮನೇಲಿ ತಮಿಳು, ಉರ್ದು, ತೆಲುಗು. ಹಬ್ಬಕ್ಕೆ ಅಂತ ಊರಿಗೆ ಹೋದ್ರೆ ತಿಂಗಳಾದ್ರೂ ಬರಲ್ಲ, ಕೆಲ್ಸ ಮುಗಿದ್ರೆ ಟಿಸಿನೂ ತಗೊಳ್ದೆ ಹೊರಟೋಗ್ತಾರೆ, ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ಸ್ಯಾಟ್ಸ್‌ನಲ್ಲಿ ಹೆಸ್ರು ಮಾತ್ರ ಹಾಗೇ ಇರುತ್ತೆ.

ಈಗ ಎಸ್‌ಡಿಎಂಸಿ (ಪೋಷಕರಿರೋ ಶಾಲಾ ಸಮಿತಿ) ಮೀಟಿಂಗಲ್ಲಿ ರಿಸಲ್ಟ್ ಪರ್ಸೆಂಟೇಜ್ ಯಾಕೆ ಬಿತ್ತು ಅಂತ ಕೇಳ್ತಿದಾರೆ. 5ನೇ ಕ್ಲಾಸಲ್ಲಿ ಇರೋದೇ 8 ಮಕ್ಳು ಸ್ವಾಮಿ, ಒಬ್ಬ ಹಿಂದೆ ಬಿದ್ರೆ ಹನ್ನೆರಡೂವರೆ ಪರ್ಸೆಂಟ್ ಢಮಾರ್!

ವರ್ಷಪೂರ್ತಿ ಬಂದ ಮಕ್ಳು, ಮಧ್ಯದಲ್ಲಿ ಸೇರಿದ ಮಕ್ಳು ಅಂತ ಬೇರೆ ಬೇರೆ ಮಾಡಿ, ಮನೆಮಾತು, ಹಾಜರಿ ಜೊತೆಗಿಟ್ಟು ತೋರಿಸ್ಬೇಕು ಅನ್ಕೊಂಡಿದೀನಿ. ಜಾತಿ ಕಾಲಂ ಬೇಡ, ಇಷ್ಟು ಸಣ್ಣ ಕ್ಲಾಸಲ್ಲಿ ಯಾರ ಮಗು ಅಂತ ತಕ್ಷಣ ಗೊತ್ತಾಗುತ್ತೆ. ಈ ಥರ ಎಕ್ಸೆಲ್ ಶೀಟ್ ಯಾರಾದ್ರೂ ಮಾಡಿದೀರಾ? 4ನೇ ಕ್ಲಾಸಿಗೆ ನೇರವಾಗಿ ಬಂದು ನಲಿಕಲಿ (1ರಿಂದ 3ನೇ ಕ್ಲಾಸ್ ತನಕ ಚಟುವಟಿಕೆ ಮೂಲಕ ಕಲಿಸೋ ಪದ್ಧತಿ) ಕಾರ್ಡೇ ನೋಡಿರದ ಮಕ್ಳಿಗೆ ಕನ್ನಡ ಓದು ಎಲ್ಲಿಂದ ಶುರು ಮಾಡ್ತೀರಾ, ಅದನ್ನೂ ಹೇಳಿ ಪ್ಲೀಸ್. ಶನಿವಾರ ಮೀಟಿಂಗ್ ಇದೆ.